ಪಿರ್ಲೋ ಸ್ಪೀಡಿಲ್ಲ, ಟ್ಯಾಕಲ್ ಇಲ್ಲ, ಗೋಲೂ ಕಮ್ಮಿ, ಆದ್ರೂ ಯಾಕೆ ಅಷ್ಟು ದೊಡ್ಡ ಹೆಸರು? (ನನ್ನ ಪೊಸಿಷನ್ ಬಗ್ಗೆನೂ ಒಂದು ಪ್ರಶ್ನೆ ಇದೆ)

ಎಂಟನೇ_ನಂಬರ್ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಫುಟ್‌ಬಾಲ್ ಸೀರಿಯಸ್ಸಾಗಿ ನೋಡೋಕೆ ಶುರು ಮಾಡಿದ್ದೇ 2018ರ ವರ್ಲ್ಡ್ ಕಪ್‌ನಿಂದ. ಅಷ್ಟೊತ್ತಿಗೆ ಆಂದ್ರೆಯಾ ಪಿರ್ಲೋ ರಿಟೈರ್ ಆಗ್ಬಿಟ್ಟಿದ್ದ, 2017ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಸಿಟಿ ಟೀಮಿಗೆ ಕೊನೇ ಮ್ಯಾಚ್ ಆಡಿದ್ದು ಅಂತ ಆಮೇಲೆ ಓದಿದೆ. ಹಾಗಾಗಿ ಅವನನ್ನ ಲೈವ್ ನೋಡೇ ಇಲ್ಲ ನಾನು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು ಯಾರನ್ನ ಕೇಳಿದ್ರೂ ಮಿಡ್‌ಫೀಲ್ಡರ್ ಅಂದ್ರೆ ಪಿರ್ಲೋ ಕಣಪ್ಪ ಅಂತಾರೆ, ಅಂದು ಸುಮ್ಮನಾಗ್ತಾರೆ, ಯಾಕೆ ಅಂತ ಕೇಳಿದ್ರೆ ನೋಡಿದ್ರೆ ಗೊತ್ತಾಗುತ್ತೆ ಅಂತಾರೆ ಅಷ್ಟೇ.

ಸರಿ ಅಂತ ಒಂದಷ್ಟು ಹೈಲೈಟ್ಸ್ ನೋಡ್ದೆ. ಫ್ರೀ ಕಿಕ್ ಚೆನ್ನಾಗಿದೆ, ಲಾಂಗ್ ಪಾಸ್ ಚೆನ್ನಾಗಿದೆ, ಒಪ್ಕೋತೀನಿ. ಆದ್ರೆ ಇಟಲಿಗೆ 116 ಮ್ಯಾಚ್‌ನಲ್ಲಿ 13 ಗೋಲು. ಓಡೋದು ನೋಡಿದ್ರೆ ಯಾವ ಅರ್ಜೆಂಟೂ ಇಲ್ಲ ಅನ್ನೋ ಥರ. ಟ್ಯಾಕಲ್ ಮಾಡೋ ಕ್ಲಿಪ್ ಅಂತೂ ಒಂದೂ ಸಿಗಲಿಲ್ಲ ನನಗೆ. ಇನ್ನೊಂದು, ಅಷ್ಟು ದೊಡ್ಡ ಆಟಗಾರ ಆಗಿದ್ರೆ 2011ರಲ್ಲಿ ಮಿಲಾನ್ ಕ್ಲಬ್ ಅವನನ್ನ ಒಂದು ರೂಪಾಯಿನೂ ತಗೊಳ್ದೆ ಯಾಕೆ ಬಿಟ್ಟುಬಿಡ್ತು?

ಈಗ ನಿಜವಾದ ವಿಷ್ಯ ಹೇಳ್ತೀನಿ. ನಾನೂ ಆಡ್ತೀನಿ, ಅಮೆಚೂರ್ ಲೆವೆಲ್ಲೇ, ಆದ್ರೆ ಅದೇ ನನ್ನ ಜೀವ. ಮೊದಲಿಂದನೂ ಸ್ಟ್ರೈಕರ್ ಹಿಂದೆ, ನಂಬರ್ 10 ಜಾಗದಲ್ಲಿ ಆಡ್ಕೊಂಡು ಬಂದವನು. ಹೋದ ತಿಂಗಳು ನಮ್ಮ ಕೋಚ್ ಕರೆದು ನಿನಗೆ ಪಾಸ್ ಇದೆ, ಸ್ಪೀಡ್ ಇಲ್ಲ, ಇನ್ಮೇಲೆ ಡಿಫೆನ್ಸ್ ಮುಂದೆ ನಿಂತು ಆಡು, ಪಿರ್ಲೋ ಮ್ಯಾಚ್ ನೋಡು ಅಂದ್ರು. ಅವತ್ತಿಂದ ನಿದ್ದೆ ಸರಿ ಬರ್ತಿಲ್ಲ. ಹಿಂದಕ್ಕೆ ತಳ್ಳಿಬಿಟ್ರಲ್ಲ ಅನಿಸ್ತಿದೆ. ಗೋಲಿಂದ ಅಷ್ಟು ದೂರ ನಿಂತು ನಾನೇನು ಮಾಡ್ಲಿ? ಗೊತ್ತಿರೋರು ಹೇಳಿ, ಪಿರ್ಲೋ ಅಲ್ಲಿ ನಿಂತು ಏನು ಮಾಡ್ತಿದ್ದ?

ನಡುಗೆರೆ

ಒಳ್ಳೇ ಪ್ರಶ್ನೆ. ನಿಮ್ಮ ಕೋಚ್ ಪಿರ್ಲೋ ಹೆಸರು ಹೇಳಿದ್ದು ಸುಮ್ನೆ ಅಲ್ಲ ಅನ್ಸುತ್ತೆ, ಯಾಕಂದ್ರೆ ನಿಮಗೆ ಈಗ ಆಗಿರೋದೇ ಅವನಿಗೂ ಆಗಿತ್ತು. ಹುಟ್ಟಾ ನಂಬರ್ 10 ಅವನು. ಅದನ್ನ ಬಹಳ ಜನ ಮರೆತೇಬಿಟ್ಟಿದ್ದಾರೆ.

ಬ್ರೆಷಾ ಪಕ್ಕದ ಫ್ಲೇರೋ ಅನ್ನೋ ಊರಿನವನು, ಹುಟ್ಟಿದ್ದು 1979 ಮೇ 19. ಬ್ರೆಷಾ ಟೀಮಿಗೆ ಇಟಲಿಯ ಟಾಪ್ ಲೀಗ್ ಸೀರಿ ಆದಲ್ಲಿ ಮೊದಲ ಸಲ ಇಳಿದಾಗ 16 ತುಂಬಿ ಎರಡೇ ದಿನ ಆಗಿತ್ತು, 1995ರಲ್ಲಿ. ಎಲ್ರೂ ಅಂದ್ಕೊಂಡಿದ್ದು ಇವನು ಮುಂದಿನ ದೊಡ್ಡ ಪ್ಲೇಮೇಕರ್ (ಗೋಲಿಗೆ ದಾರಿ ಮಾಡ್ಕೊಡೋನು) ಅಂತ. 1998ರಲ್ಲಿ ಇಂಟರ್ ಕ್ಲಬ್ ಕೊಂಡ್ಕೊಂಡ್ತು. ಅಲ್ಲಿ ಆ ಒಂದೇ ಸೀಸನ್‌ನಲ್ಲಿ ನಾಲ್ಕು ಜನ ಕೋಚ್ ಬದಲಾದ್ರು, 19 ವರ್ಷದ ಹುಡುಗನ್ನ ಯಾರು ನೋಡ್ತಾರೆ ಆ ಗಲಾಟೇಲಿ. ಮುಂದಿನ ವರ್ಷ ರೆಜ್ಜೀನಾಗೆ ಲೋನ್, ಅಂದ್ರೆ ಆ ಕ್ಲಬ್ಬಿಗೆ ಸ್ವಲ್ಪ ಕಾಲಕ್ಕೆ ಎರವಲು. ಅಲ್ಲಿ ಚೆನ್ನಾಗೇ ಆಡ್ದ, ವಾಪಸ್ ಬಂದ, ಮತ್ತೆ ಬೆಂಚ್. 21 ವರ್ಷಕ್ಕೇ "ಪ್ರತಿಭೆ ಇತ್ತು, ಆದ್ರೆ ಸ್ಲೋ" ಅನ್ನೋ ಮಾತು ಶುರು ಆಗಿತ್ತು. ನಿಮಗೆ ಈಗ ಅನಿಸ್ತಿರೋದಕ್ಕಿಂತ ಕಮ್ಮಿ ಅವಮಾನ ಅಲ್ಲ ಅದು.

ತಿರುವು ಬಂದಿದ್ದು 2001ರ ಜನವರೀಲಿ. ಮತ್ತೆ ಬ್ರೆಷಾಗೇ ಲೋನ್ ಮೇಲೆ ಬಂದ, ಕೋಚು ಕಾರ್ಲೋ ಮಾಜ್ಜೋನೆ, ವಯಸ್ಸಾದ ಮನುಷ್ಯ, ಆಟಗಾರನ್ನ ಕಣ್ಣಲ್ಲೇ ಅಳೆಯೋರು. ಅಲ್ಲಿ ನಂಬರ್ 10 ಜಾಗದಲ್ಲಿ ಆಗಲೇ ಇದ್ದಿದ್ದು ರೊಬೆರ್ತೊ ಬಾಜ್ಜೊ. ಬಾಜ್ಜೊನ ತೆಗೆದು ಪಿರ್ಲೋನ ಆಡ್ಸೋಕಾಗುತ್ತಾ, ಆಗಲ್ಲ. ಹಾಗಂತ ಪಿರ್ಲೋ ಕಾಲನ್ನ ಬೆಂಚ್ ಮೇಲೆ ಇಡೋಕೂ ಮಾಜ್ಜೋನೆಗೆ ಮನಸ್ಸು ಬರಲಿಲ್ಲ. ಡಿಫೆನ್ಸ್ ಮುಂದೆ ನಿಲ್ಲಿಸಿಬಿಟ್ರು.

ಆಮೇಲೆ 2001 ಏಪ್ರಿಲ್ 1, ಟ್ಯೂರಿನ್‌ನಲ್ಲಿ ಯುವೆಂಟಸ್ ಮೇಲೆ ಮ್ಯಾಚು. ಇದನ್ನ ಇವತ್ತೇ ಹುಡುಕಿ ನೋಡಿ. ಬ್ರೆಷಾ 1-0 ಹಿಂದೆ ಇದೆ, ಮುಗಿಯೋಕೆ ಐದು ನಿಮಿಷದ ಆಸುಪಾಸು. ಪಿರ್ಲೋ ಎಲ್ಲೋ ನಡುವೆ ನಿಂತು, ತಲೆ ಎತ್ತಿ, ಡಿಫೆಂಡರ್‌ಗಳ ತಲೆ ಮೇಲಿಂದ ಒಂದು ಉದ್ದ ಬಾಲ್ ಹಾಕ್ತಾನೆ. ಬಾಜ್ಜೊ ಓಡ್ತಾ ಓಡ್ತಾನೇ, ಭುಜದ ಹಿಂದಿಂದ ಇಳಿಯೋ ಆ ಬಾಲನ್ನ ಒಂದೇ ಟಚ್‌ನಲ್ಲಿ ಹಿಡಿದು, ಅದೇ ಟಚ್‌ನಲ್ಲಿ ಗೋಲ್‌ಕೀಪರ್ ವ್ಯಾನ್ ಡೆರ್ ಸಾರ್‌ನ ದಾಟಿ ಖಾಲಿ ಗೋಲಿಗೆ ಹಾಕ್ತಾನೆ. 1-1. ಎಲ್ರೂ ಬಾಜ್ಜೊ ಟಚ್ ಬಗ್ಗೆ ಮಾತಾಡ್ತಾರೆ, ಮಾತಾಡ್ಲೇಬೇಕು, ಆದ್ರೆ ನೀವು ಪಾಸ್ ಹೊರಟ ಜಾಗ ನೋಡಿ. ನಂಬರ್ 10 ಜಾಗದಲ್ಲಿ ನಿಂತವನಿಗೆ ಆ ಪಾಸ್ ಹಾಕೋಕೇ ಆಗಲ್ಲ. ಅಲ್ಲಿ ಬೆನ್ನು ಗೋಲಿಗೆ ಇರುತ್ತೆ, ಹಿಂದಿಂದ ಒಬ್ಬ ಕಾಲು ಹಾಕ್ತಿರ್ತಾನೆ, ಅರ್ಧ ಸೆಕೆಂಡ್ ಸಿಕ್ಕಿದ್ರೆ ಪುಣ್ಯ. ಹದಿನೈದು ಇಪ್ಪತ್ತು ಮೀಟರ್ ಹಿಂದೆ ಬಂದ್ರೆ ಮುಖ ಗೋಲಿಗೆ, ಇಡೀ ಗ್ರೌಂಡ್ ಕಣ್ಣೆದುರು, ಮೇಲೆ ಬರೋನು ಒಬ್ಬ ಸ್ಟ್ರೈಕರ್, ಅವನಿಗೆ ಡಿಫೆನ್ಸ್ ಮಾಡೋಕೆ ಅಷ್ಟು ಮನಸ್ಸೂ ಇರಲ್ಲ. ನಿಧಾನ ಇರೋನಿಗೆ ಬೇಕಾಗಿರೋದೇ ಆ ಒಂದೆರಡು ಸೆಕೆಂಡು, ಅದು ಸಿಗೋದು ಅಲ್ಲಿ.

ಆ ಬೇಸಿಗೇಲಿ ಮಿಲಾನ್‌ಗೆ ಹೋದ. ನವೆಂಬರ್‌ನಲ್ಲಿ ಆಂಚೆಲೊಟ್ಟಿ ಕೋಚ್ ಆಗಿ ಬಂದ್ರು. ಅಲ್ಲೂ ಅದೇ ಕಥೆ, ಮುಂದೆ ರುಯಿ ಕೋಸ್ತಾ ಇದ್ದ, ಮುಂದಿನ ವರ್ಷ ರಿವಾಲ್ಡೊ ಬೇರೆ ಬಂದ. ನಾನು ಡಿಫೆನ್ಸ್ ಮುಂದೆ ಆಡಬಲ್ಲೆ ಅಂತ ಆಂಚೆಲೊಟ್ಟಿಗೆ ಹೇಳಿದ್ದು ಪಿರ್ಲೋನೇ. ಆ ಕಾಲಕ್ಕೆ ಆ ಜಾಗ ಅಂದ್ರೆ ಗಟ್ಟಿ ಆಳು, ಬಾಲ್ ಕಿತ್ಕೊಂಡು ಪಕ್ಕದವನಿಗೆ ಕೊಡೋನು. ಸಣಕಲು ಪ್ಲೇಮೇಕರ್‌ನ ಅಲ್ಲಿ ನಿಲ್ಲಿಸೋದು ದೊಡ್ಡ ರಿಸ್ಕು. ನಿಲ್ಲಿಸಿದ್ರು, ಬಲಕ್ಕೆ ಗಟ್ಟೂಸೊ, ಎಡಕ್ಕೆ ಸೀಡಾರ್ಫ್, ಮುಂದೆ ರುಯಿ ಕೋಸ್ತಾ. 2003ರಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಮೆಂಟ್ ಚಾಂಪಿಯನ್ಸ್ ಲೀಗ್, 2004ರಲ್ಲಿ ಸೀರಿ ಆ, 2007ರಲ್ಲಿ ಮತ್ತೆ ಚಾಂಪಿಯನ್ಸ್ ಲೀಗ್. ಇಟಲಿಯವರು ಈ ಜಾಗದಲ್ಲಿ ಆಡೋನನ್ನ ರೆಜಿಸ್ತಾ ಅಂತಾರೆ, ನಿರ್ದೇಶಕ ಅಂತ ಅರ್ಥ, ಸಿನಿಮಾ ನಿರ್ದೇಶಕನಿಗೂ ಅಲ್ಲಿ ಅದೇ ಪದ.

ಹಿಂದಕ್ಕೆ ತಳ್ಳಿದ್ರು ಅಂತ ನೀವು ಬರೆದಿದ್ದೀರಲ್ಲ, ಆ ಪದ ಬಿಟ್ಬಿಡಿ. ಪಿರ್ಲೋ ಹಿಂದಕ್ಕೆ ಹೋಗಿರ್ಲಿಲ್ಲ ಅಂದ್ರೆ ಇವತ್ತು ನಾವು ಯಾರೂ ಅವನ ಹೆಸರೇ ಎತ್ತುತಿರ್ಲಿಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ.

ಕಾವಲು_ಬೆನ್ನು

ಮೇಲೆ ಬರೆದಿರೋದು ಎಲ್ಲ ಸರಿ, ಆದ್ರೆ ಅರ್ಧ ಕಥೆ. ನಾನು ಡಿಫೆಂಡರ್ ಆಗಿ ಆಡ್ದವನು, ಆ ಕಡೆಯಿಂದ ಸ್ವಲ್ಪ ಹೇಳ್ತೀನಿ.

ಪಿರ್ಲೋ ಪಿರ್ಲೋ ಆಗಿದ್ದು ಗಟ್ಟೂಸೊ ಇದ್ದಿದ್ದಕ್ಕೆ. ಇದು ಕೊಂಕು ಅಲ್ಲ, ಅವನನ್ನ ಕೀಳು ಮಾಡೋ ಮಾತೂ ಅಲ್ಲ. ಪಿರ್ಲೋ ಬಿಟ್ಟ ಜಾಗಕ್ಕೆ ಓಡಿ ಹೋಗಿ ಮುಚ್ಚೋಕೆ ಒಬ್ಬ ಬೇಕಿತ್ತು, ಮಿಲಾನ್‌ನಲ್ಲಿ ಗಟ್ಟೂಸೊ, ಆಂಬ್ರೊಸೀನಿ, ಆಮೇಲೆ ಯುವೆಂಟಸ್‌ನಲ್ಲಿ ವಿದಾಲ್, ಮಾರ್ಕೀಸಿಯೋ. ನಿಮ್ಮ ಕೋಚ್ ನಿಮ್ಮನ್ನ ಅಲ್ಲಿ ನಿಲ್ಲಿಸೋದಾದ್ರೆ ಪಕ್ಕದಲ್ಲಿ ಯಾರನ್ನ ನಿಲ್ಲಿಸ್ತಾರೆ ಅಂತ ಮೊದಲು ಕೇಳಿ. ಒಬ್ಬರೇ ಇದ್ರೆ ಮುಳುಗೋಗ್ತೀರ.

ಎರಡನೇದು, ಅವನನ್ನ ನಿಲ್ಲಿಸೋಕೂ ದಾರಿ ಇತ್ತು. 2010ರ ಚಾಂಪಿಯನ್ಸ್ ಲೀಗ್ ಪ್ರೀ ಕ್ವಾರ್ಟರ್, ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ. ಯುನೈಟೆಡ್ ಕೋಚ್ ಫರ್ಗುಸನ್ ಅವರು ಪಾರ್ಕ್ ಜಿ ಸುಂಗ್‌ಗೆ ಕೊಟ್ಟ ಕೆಲಸ ಒಂದೇ, ಪಿರ್ಲೋ ಜೊತೇನೇ ಇರು. ಪಾರ್ಕ್ ಅಂದ್ರೆ ಶ್ವಾಸಕೋಶ ಮೂರಿರೋ ಮನುಷ್ಯ. ಪಿರ್ಲೋ ಎಲ್ಲಿ ಹೋದ್ರೂ ಹಿಂದೇನೇ, ಬಾಲ್ ಬರೋ ಮುಂಚೆನೇ ಪಕ್ಕದಲ್ಲಿ. ಸಾನ್ ಸಿರೋದಲ್ಲಿ ಮಿಲಾನ್ 2-3 ಸೋಲ್ತು, ಓಲ್ಡ್ ಟ್ರಾಫರ್ಡ್‌ನಲ್ಲಿ 4-0, ಅದರಲ್ಲಿ ಒಂದು ಗೋಲು ಪಾರ್ಕ್‌ದೇ. ಆ ಎರಡು ಮ್ಯಾಚ್ ನೋಡಿದ್ರೆ ಆ ಜಾಗದ ಕಷ್ಟ ಏನು ಅಂತ ಗೊತ್ತಾಗುತ್ತೆ, ಬರೀ ಹೈಲೈಟ್ಸ್‌ನಲ್ಲಿ ಗೊತ್ತಾಗಲ್ಲ.

ಇಸ್ತಾನ್‌ಬುಲ್ ಬಗ್ಗೆ ಯಾರೂ ಬರೆದಿಲ್ಲ, ಬರೀಬೇಕು. 2005ರ ಚಾಂಪಿಯನ್ಸ್ ಲೀಗ್ ಫೈನಲ್. ಮೊದಲನೇ ನಿಮಿಷದಲ್ಲೇ ಪಿರ್ಲೋ ಹಾಕಿದ ಫ್ರೀ ಕಿಕ್‌ಗೆ ಮಾಲ್ದೀನಿ ಗೋಲು, ಹಾಫ್ ಟೈಮಿಗೆ ಲಿವರ್‌ಪೂಲ್ ಮೇಲೆ 3-0. ಆಮೇಲೆ ಆರೇ ನಿಮಿಷದಲ್ಲಿ ಮೂರು ಗೋಲು ತಿಂದು 3-3. ಪೆನಾಲ್ಟೀಲಿ ಪಿರ್ಲೋ ಹೊಡೆದಿದ್ದನ್ನ ದುಡೆಕ್ ತಡೆದ. ಅವತ್ತಿನ ಸೋಲಿನ ನಂತರ ಆಟಾನೇ ಬಿಟ್ಬಿಡೋಣ ಅನಿಸಿತ್ತು ಅಂತ ಪಿರ್ಲೋನೇ ಆಮೇಲೆ ಹೇಳ್ಕೊಂಡಿದ್ದಾನೆ. ಯಾವಾಗ್ಲೂ ಶಾಂತ, ಮುಖದಲ್ಲಿ ಏನೂ ತೋರಿಸ್ಕೊಳ್ಳಲ್ಲ ಅಂತಾರಲ್ಲ ಜನ, ಒಳಗೆ ಹಂಗಿರ್ಲಿಲ್ಲ. 2015ರಲ್ಲಿ ಬರ್ಲಿನ್ ಫೈನಲ್‌ನಲ್ಲಿ ಯುವೆಂಟಸ್ ಬಾರ್ಸಾ ಮೇಲೆ 3-1 ಸೋತಾಗ ಪಿರ್ಲೋ ಗ್ರೌಂಡಲ್ಲೇ ಕಣ್ಣೀರು ಹಾಕಿದ್ದನ್ನ ನಾನೇ ಲೈವ್ ನೋಡಿದ್ದೀನಿ, 36 ವರ್ಷ ಆಗಿತ್ತು ಅವನಿಗೆ, ನನಗೂ ಆವತ್ತು ತಡ್ಕೊಳ್ಳೋಕಾಗಲಿಲ್ಲ.

ಹಳೇ_ಕಪ್ಪುಬಿಳುಪು

ಮಿಲಾನ್ ಯಾಕೆ ಬಿಡ್ತು ಅನ್ನೋ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ, ಯುವೆಂಟಸ್ ಫ್ಯಾನ್ ಅಂತ ಮೊದಲೇ ಹೇಳ್ಬಿಡ್ತೀನಿ.

2010-11ರ ಹೊತ್ತಿಗೆ ಮಿಲಾನ್‌ನಲ್ಲಿ ಅಲ್ಲೆಗ್ರಿ ಬಂದಿದ್ರು. ಅವರಿಗೆ ಡಿಫೆನ್ಸ್ ಮುಂದೆ ಗಟ್ಟಿಮುಟ್ಟಾದೋನು ಬೇಕಿತ್ತು, ಜನವರೀಲಿ ವಾನ್ ಬೊಮ್ಮೆಲ್‌ನ ತಂದ್ರು. ಪಿರ್ಲೋಗೆ ಆ ಸೀಸನ್ ಗಾಯ ಬೇರೆ, ಬಹಳ ದಿನ ಹೊರಗೇ ಇದ್ದ, ಆಡಿದಾಗ್ಲೂ ಎಡಗಡೆಗೆ ತಳ್ತಿದ್ರು. ಮಿಲಾನ್ ಲೀಗ್ ಗೆದ್ದೂಬಿಡ್ತು. ಮೂವತ್ತು ದಾಟಿದೋರಿಗೆ ಒಂದು ವರ್ಷದ ಕಾಂಟ್ರ್ಯಾಕ್ಟ್ ಮಾತ್ರ ಅನ್ನೋದು ಆಗ ಮಿಲಾನ್ ಪಾಲಿಸಿ, ಯುವೆಂಟಸ್ ಮೂರು ವರ್ಷ ಕೊಡ್ತೀವಿ ಅಂತು. ಹತ್ತು ವರ್ಷ ಆಡಿದ ಕ್ಲಬ್ಬಿಂದ ಫ್ರೀ ಟ್ರಾನ್ಸ್‌ಫರ್ ಮೇಲೆ ಬಂದ.

ಆವಾಗ ಯುವೆಂಟಸ್ ಸ್ಥಿತಿ ನಿಮ್ಮ ವಯಸ್ಸಿನವರಿಗೆ ನಂಬೋಕೇ ಕಷ್ಟ. ಎರಡು ವರ್ಷ ಸತತವಾಗಿ ಏಳನೇ ಸ್ಥಾನ. ನಾವು ನೋಡೋದನ್ನೇ ಬಿಟ್ಟುಬಿಡೋ ಹಂತಕ್ಕೆ ಬಂದಿದ್ವಿ. ಕಾಂಟೆ ಕೋಚ್, ನಡುವೆ 32 ವರ್ಷದ ಪಿರ್ಲೋ, ಪಕ್ಕದಲ್ಲಿ ಹೊಸಬ ವಿದಾಲ್, ಮಾರ್ಕೀಸಿಯೋ. 38 ಮ್ಯಾಚು, 23 ಗೆಲುವು, 15 ಡ್ರಾ, ಒಂದೂ ಸೋಲಿಲ್ಲ. ಏಳನೇ ಸ್ಥಾನದಿಂದ ಸೋಲೇ ಇಲ್ಲದ ಚಾಂಪಿಯನ್! ಪಿರ್ಲೋ ಇದ್ದ ನಾಲ್ಕು ಸೀಸನ್‌ನಲ್ಲೂ ಲೀಗ್ ನಮ್ಮದೇ. ಅಲ್ಲೆಗ್ರಿ 2014ರಲ್ಲಿ ಯುವೆಂಟಸ್‌ಗೇ ಕೋಚ್ ಆಗಿ ಬಂದಾಗ ಪಿರ್ಲೋನ ಅದೇ ಹಳೇ ಜಾಗದಲ್ಲೇ ಆಡಿಸಿದ್ರು, ನೋಡಿ ಹೆಂಗಿದೆ.

ಟ್ಯಾಕಲ್ ಕ್ಲಿಪ್ ಒಂದೂ ಸಿಗಲಿಲ್ಲ ಅಂದ್ರಲ್ಲ. 2012ರ ಯೂರೋ ಸೆಮಿಫೈನಲ್, ಜರ್ಮನಿ ಮೇಲೆ, ಮೊದಲ ಐದಾರು ನಿಮಿಷ ನೋಡಿ. ಕಾರ್ನರ್‌ನಲ್ಲಿ ಹಮ್ಮೆಲ್ಸ್ ಕಾಲಿಗೆ ತಾಗಿ ಒಳಗೆ ಹೋಗ್ತಿರೋ ಬಾಲನ್ನ ಗೋಲ್ ಲೈನ್ ಮೇಲೆ ನಿಂತು ಹೊರಗೆ ಹಾಕಿದ್ದು ಪಿರ್ಲೋ. ಅದು ಒಳಗೆ ಹೋಗಿದ್ರೆ ಬಾಲೊಟೆಲ್ಲಿಯ ಎರಡು ಗೋಲಿಗೆ ಅರ್ಥಾನೇ ಬೇರೆ ಆಗ್ತಿತ್ತು. ಟ್ಯಾಕಲ್ ಅಲ್ಲ ಅದು, ಆದ್ರೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ರೆ ಜಾರಿ ಬೀಳೋ ಅವಶ್ಯಕತೆ ಕಮ್ಮಿ.

ಅದೇ ಟೂರ್ನಮೆಂಟ್, ಇಂಗ್ಲೆಂಡ್ ಮೇಲೆ ಕ್ವಾರ್ಟರ್ ಫೈನಲ್, ಕೀವ್‌ನಲ್ಲಿ. 120 ನಿಮಿಷ 0-0. ಪೆನಾಲ್ಟೀಲಿ ಇಟಲಿಯ ಮೊಂತೊಲಿವೋ ಮಿಸ್ ಮಾಡ್ದ, ಇಂಗ್ಲೆಂಡಿನ ರೂನಿ ಹಾಕ್ದ, ಇಟಲಿ 2-1 ಹಿಂದೆ. ಮುಂದೆ ಬಂದಿದ್ದು ಪಿರ್ಲೋ. ಗೋಲ್‌ನಲ್ಲಿ ಜೋ ಹಾರ್ಟ್, ಲೈನ್ ಮೇಲೆ ಕುಣಿದಾಡ್ತಾ ಮುಖ ಗಿಂಜಿ ಹೆದರಿಸ್ತಿದ್ದ. ಪಿರ್ಲೋ ಓಡಿ ಬಂದು ಬಾಲ್ ಕೆಳಗೆ ಕಾಲು ಹಾಕಿ ಮೆಲ್ಲಗೆ ಎತ್ತಿ ನಡುವಿಗೇ ಹಾಕಿದ, ಇದನ್ನೇ ಪನೆಂಕಾ ಅನ್ನೋದು. ಹಾರ್ಟ್ ಆಗ್ಲೇ ಪಕ್ಕಕ್ಕೆ ಬಿದ್ದಾಗಿತ್ತು. ಸ್ಕೋರು 2-2 ಅಷ್ಟೇ, ಆದ್ರೆ ಎಲ್ಲ ಅಲ್ಲೇ ತಿರುಗಿಬಿಡ್ತು. ಮುಂದಿನ ಯಂಗ್ ಬಾರ್‌ಗೆ ಹೊಡೆದ, ಆಮೇಲೆ ಕೋಲ್ ಹೊಡೆದಿದ್ದನ್ನ ಬುಫ್ಫೊನ್ ಹಿಡಿದ, 4-2 ಇಟಲಿ. ನಮ್ಮ ಮನೇಲಿ ಎಲ್ರೂ ಮಲಗಿದ್ರು, ನಾನು ಬಾಯಿಗೆ ದಿಂಬು ಒತ್ತಿಕೊಂಡು ಕೂಗಿದ್ದೆ ಅವತ್ತು.

ಫ್ರೀ ಕಿಕ್ ಬಗ್ಗೆ ಎರಡೇ ಮಾತು. ಬ್ರೆಜಿಲ್‌ನ ಜುನಿನ್ಯೊ ಹೊಡೆಯೋದನ್ನ ಕೂತು ನೋಡಿ, ಪ್ರಾಕ್ಟೀಸ್ ಮೇಲೆ ಪ್ರಾಕ್ಟೀಸ್ ಮಾಡಿ ಪಿರ್ಲೋ ಹಿಡಿದ ವಿದ್ಯೆ ಅದು. ಬಾಲ್‌ಗೆ ತಾಗೋದು ಬರೀ ಕಾಲಿನ ಮೂರು ಬೆರಳು ಅಂತ ಹೇಳ್ತಿದ್ದ. ಬಾಲ್ ಹೆಚ್ಚು ತಿರುಗ್ದೆ ಮೇಲೆ ಹೋಗಿ, ಗೋಡೆ ದಾಟಿದ ಮೇಲೆ ಕಲ್ಲಿನ ಥರ ಇಳಿಯುತ್ತೆ. ಹುಟ್ಟಿನಿಂದಲೇ ಬಂದಿದ್ದು ಅಂತ ಅಂದ್ಕೋಬೇಡಿ.

ಬೆಳಗಿನ_ಪ್ರಾಕ್ಟೀಸ್

ನಾನು ಪಿರ್ಲೋ ಹಿಸ್ಟರಿ ಹೇಳಲ್ಲ, ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಿಮ್ಮ ಕೊನೇ ಪ್ರಶ್ನೆಗೆ ಬರ್ತೀನಿ, ಅಲ್ಲಿ ನಿಂತು ಏನು ಮಾಡ್ತಿದ್ದ. ನನಗೂ 24ನೇ ವಯಸ್ಸಲ್ಲಿ ಇದೇ ಆಯ್ತು, ವಿಂಗ್‌ನಿಂದ ತೆಗೆದು ಡಿಫೆನ್ಸ್ ಮುಂದೆ ಹಾಕಿದ್ರು.

ಮೊದಲನೇ ಮ್ಯಾಚ್, ಸೆಂಟರ್ ಬ್ಯಾಕ್ ನನಗೆ ಪಾಸ್ ಕೊಟ್ಟ. ನಾನು ಬಾಲನ್ನೇ ನೋಡ್ತಾ ನಿಂತಿದ್ದೆ, ಬಂತು, ಹಿಡ್ದೆ, ತಿರುಗ್ದೆ, ತಿರುಗೋ ಹೊತ್ತಿಗೆ ಎದುರಾಳಿ ಸ್ಟ್ರೈಕರ್ ನನ್ನ ಕಾಲಿಂದ ತಗೊಂಡು ಹೋಗಿ ಗೋಲು ಹೊಡೆದೇಬಿಟ್ಟ. ವಿಂಗ್‌ನಲ್ಲಿ ಬಾಲ್ ಕಳ್ಕೊಂಡ್ರೆ ಥ್ರೋ ಇನ್, ಇಲ್ಲಿ ಕಳ್ಕೊಂಡ್ರೆ ಗೋಲು. ಆ ರಾತ್ರಿ ನಾನೂ ನಿಮ್ಮ ಥರನೇ ನಿದ್ದೆ ಮಾಡ್ಲಿಲ್ಲ.

ಆಮೇಲೆ ಪಿರ್ಲೋ ಆಡಿದ ಪೂರ್ತಿ ಮ್ಯಾಚ್‌ಗಳನ್ನ ನೋಡೋಕೆ ಶುರು ಮಾಡ್ದೆ, ಬಾಲ್ ನೋಡ್ದೆ ಬರೀ ಅವನನ್ನೇ ನೋಡ್ತಾ. ಬಾಲ್ ಅವನ ಹತ್ರ ಬರೋಕೆ ಮುಂಚೆ ಕುತ್ತಿಗೆ ನೋಡಿ. ಎಡಕ್ಕೆ ಒಂದ್ಸಲ, ಬಲಕ್ಕೆ ಒಂದ್ಸಲ, ಹಿಂದೆ ಒಂದ್ಸಲ. ಬಾಲ್ ಅವನ ಕಡೆ ಹೊರಟ ಮೇಲೂ ಮತ್ತೊಂದ್ಸಲ ಭುಜದ ಮೇಲಿಂದ ಕಣ್ಣು ಹಾಯಿಸ್ತಾನೆ. ಬಾಲ್ ಕಾಲಿಗೆ ತಾಗೋ ಹೊತ್ತಿಗೆ ಅವನಿಗೆ ಯಾರು ಎಲ್ಲಿದ್ದಾರೆ ಅನ್ನೋದು ಗೊತ್ತಾಗಿರುತ್ತೆ. ಎರಡನೇದು ಮೈ. ಪಾಸ್ ಕೊಡೋನಿಗೆ ನೇರ ಮುಖ ಮಾಡಿ ನಿಲ್ಲಲ್ಲ, ಅರ್ಧ ಓರೆಯಾಗಿ ನಿಲ್ತಾನೆ, ಬಾಲನ್ನ ದೂರದ ಕಾಲಿಗೆ ಬರೋಕೆ ಬಿಡ್ತಾನೆ, ಹಿಡಿಯೋ ಟಚ್‌ನಲ್ಲೇ ಮುಂದಕ್ಕೆ ತಿರುಗಿ ಆಗಿರುತ್ತೆ. ನೋಡೋರಿಗೆ ಆರಾಮಾಗಿ ಆಡ್ತಿದ್ದಾನೆ ಅನ್ಸೋದು ಅದಕ್ಕೇ, ಅವಸರದ ಕೆಲಸ ಎಲ್ಲ ಬಾಲ್ ಬರೋಕೆ ಮುಂಚೆನೇ ಮುಗಿಸಿರ್ತಾನೆ.

ಓಡ್ತಿರ್ಲಿಲ್ಲ ಅನ್ನೋದೂ ತಪ್ಪು ಕಲ್ಪನೆ. ಸ್ಪ್ರಿಂಟ್ ಹೊಡೀತಿರ್ಲಿಲ್ಲ ಅಷ್ಟೇ. ಇಡೀ ಮ್ಯಾಚು ಸುಮ್ನೆ ನಿಂತಿದ್ದನ್ನ ನಾನು ನೋಡೇ ಇಲ್ಲ, ನಾಲ್ಕು ಹೆಜ್ಜೆ ಆ ಕಡೆ, ಮೂರು ಹೆಜ್ಜೆ ಈ ಕಡೆ, ಪಾಸ್ ಬರೋಕೆ ದಾರಿ ಮಾಡ್ಕೊಡ್ತಾನೇ ಇರ್ತಾನೆ. ಟೀವಿ ಕ್ಯಾಮೆರಾ ಬಾಲ್ ಹಿಂದೆ ಹೋಗುತ್ತಲ್ಲ, ಇದು ಕಾಣಲ್ಲ.

ನಾನು ಒಂದು ಅಭ್ಯಾಸ ಮಾಡ್ಕೊಂಡೆ. ಪ್ರಾಕ್ಟೀಸ್‌ನಲ್ಲಿ ನನ್ನ ಹಿಂದೆ ಒಬ್ಬ ನಿಂತು ಕೈ ಬೆರಳು ತೋರಿಸ್ತಿದ್ದ, ಮುಂದಿನವನು ಪಾಸ್ ಕೊಡೋನು, ಬಾಲ್ ಹಿಡಿಯೋ ಮುಂಚೆ ಹಿಂದೆ ನೋಡಿ ಎಷ್ಟು ಬೆರಳು ಅಂತ ಜೋರಾಗಿ ಹೇಳ್ಬೇಕು. ಮೊದಮೊದಲು ಬೆರಳು ಸರಿ ಹೇಳಿದ್ರೆ ಬಾಲ್ ಕೈ ತಪ್ಪೋದು, ಬಾಲ್ ಹಿಡಿದ್ರೆ ಬೆರಳು ತಪ್ಪೋದು. ಎರಡೂವರೆ ತಿಂಗಳು ಬಿಡದೆ ಮಾಡಿದ ಮೇಲೆ ಒಂದಿನ ಮ್ಯಾಚ್‌ನಲ್ಲಿ ಕುತ್ತಿಗೆ ತಾನಾಗೇ ತಿರುಗ್ತು. ಅವತ್ತು ಮೈದಾನ ಇದ್ದಿದ್ದಕ್ಕಿಂತ ದೊಡ್ಡದಾಗಿ ಕಾಣಿಸ್ತು ನನಗೆ, ಸುಳ್ಳಲ್ಲ.

ಕಾವಲು_ಬೆನ್ನು

ಬೆರಳಿನ ಐಡಿಯಾ ತುಂಬಾ ಚೆನ್ನಾಗಿದೆ ಗುರು, ನಮ್ಮ ಹುಡುಗರಿಗೂ ಮಾಡಿಸ್ತೀನಿ.

ನಡುಗೆರೆ

ಪಿರ್ಲೋ ಕೋಚ್ ಆಗಿ ಯಾಕೆ ಮಿಂಚಲಿಲ್ಲ ಅಂತ ಒಬ್ರು ಪರ್ಸನಲ್ ಮೆಸೇಜ್‌ನಲ್ಲಿ ಕೇಳಿದ್ರು, ಇಲ್ಲೇ ಹೇಳ್ತೀನಿ. 2020ರಲ್ಲಿ ಯುವೆಂಟಸ್ ಅಂಡರ್ 23 ಟೀಮಿಗೆ ಅಂತ ತಗೊಂಡೋರು, ಸಾರ್ರಿಯವರನ್ನ ತೆಗೆದು ಹತ್ತೇ ದಿನದೊಳಗೆ ಸೀನಿಯರ್ ಟೀಮನ್ನೇ ಕೈಗೆ ಕೊಟ್ರು. ಮುಂಚೆ ಒಂದು ಮ್ಯಾಚಿಗೂ ಕೋಚ್ ಆಗಿರ್ಲಿಲ್ಲ ಅವನು. ಇಟಾಲಿಯನ್ ಕಪ್, ಸೂಪರ್ ಕಪ್ ಎರಡೂ ಗೆದ್ದ, ಆದ್ರೆ ಸತತ ಒಂಬತ್ತು ಲೀಗ್ ಗೆದ್ದಿದ್ದ ಟೀಮು ನಾಲ್ಕನೇ ಸ್ಥಾನಕ್ಕೆ ಇಳೀತು, ಒಂದೇ ಸೀಸನ್‌ಗೆ ಕಳಿಸಿಬಿಟ್ರು. ಕಲಿಯೋಕೆ ಟೈಮೇ ಕೊಡ್ಲಿಲ್ಲ ಅನ್ನೋದು ನನ್ನ ಬೇಜಾರು. ಆಟಗಾರನಾಗಿ ಅವನಿಗೆ ಸರಿಯಾದ ಜಾಗ ಸಿಗೋಕೆ ಆರು ವರ್ಷ ಹಿಡೀತು, ಕೋಚಾಗಿ ಒಂದು ವರ್ಷದಲ್ಲಿ ಸಿಗುತ್ತಾ?

ಎಂಟನೇ_ನಂಬರ್

ಎಲ್ರಿಗೂ ನಿಜವಾಗ್ಲೂ ಥ್ಯಾಂಕ್ಸ್. ಇಷ್ಟು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ.

ನಿನ್ನೆ ರಾತ್ರಿ 2006ರ ವರ್ಲ್ಡ್ ಕಪ್ ಸೆಮಿಫೈನಲ್ ಪೂರ್ತಿ ನೋಡ್ದೆ, ಇಟಲಿ ಜರ್ಮನಿ, ಡಾರ್ಟ್‌ಮಂಡ್‌ನಲ್ಲಿ. ಬಾಲ್ ನೋಡ್ದೆ ಪಿರ್ಲೋನೇ ನೋಡಿ ಅಂದ್ರಲ್ಲ, ಹಂಗೇ ನೋಡ್ದೆ. ಮೊದಲ ಅರ್ಧ ಗಂಟೆ ಕಷ್ಟ ಆಯ್ತು, ಕಣ್ಣು ತಾನಾಗೇ ಬಾಲ್ ಕಡೆ ಓಡ್ತಿತ್ತು. ಆಮೇಲೆ ಹಿಡೀತು. ಕುತ್ತಿಗೆ ವಿಷ್ಯ ನೂರಕ್ಕೆ ನೂರು ನಿಜ.

119ನೇ ನಿಮಿಷದ ಗೋಲನ್ನ ಎಷ್ಟು ಸಲ ಹಿಂದೆ ಮುಂದೆ ಮಾಡಿ ನೋಡಿದ್ನೋ ಲೆಕ್ಕ ಇಲ್ಲ. 0-0 ಇದೆ, ಇನ್ನೇನು ಪೆನಾಲ್ಟಿಗೆ ಹೋಗುತ್ತೆ ಅನ್ನೋ ಹೊತ್ತು. ಕಾರ್ನರ್ ಕ್ಲಿಯರ್ ಆಗಿ ಬಾಲ್ ಬಾಕ್ಸ್ ಅಂಚಲ್ಲಿ ಪಿರ್ಲೋ ಕಾಲಿಗೆ ಬರುತ್ತೆ. ನಾನಾಗಿದ್ರೆ ಅಲ್ಲೇ ಕಣ್ಮುಚ್ಚಿ ಹೊಡೀತಿದ್ದೆ, 119 ನಿಮಿಷ ಆಡಿರೋ ಕಾಲಿಗೆ ಇನ್ನೇನು ಮಾಡೋಕಾಗುತ್ತೆ ಹೇಳಿ. ಅವನು ಹೊಡೆಯಲ್ಲ. ಬಾಲನ್ನ ಬಲಕ್ಕೆ ತಳ್ಕೊಂಡು ಅಡ್ಡಡ್ಡ ಹೋಗ್ತಾನೆ, ಒಂದು ಟಚ್ಚು, ಇನ್ನೊಂದು ಟಚ್ಚು, ಈಗ ಹೊಡೀತಾನೆ ಈಗ ಹೊಡೀತಾನೆ ಅಂತ ಜರ್ಮನಿಯವರು ಒಬ್ಬೊಬ್ರೇ ಅವನ ಕಡೆ ಎಳ್ಕೊಂಡು ಬರ್ತಾರೆ. ಅಷ್ಟೂ ಜನ ಅವನನ್ನೇ ನೋಡ್ತಿರೋವಾಗ ಅವನು ನೋಡದೇ ಇರೋ ಕಡೆಗೆ ಪಾಸ್ ಹೋಗುತ್ತೆ, ಅಲ್ಲಿ ಗ್ರೊಸ್ಸೊ ಒಬ್ಬನೇ. ಎಡಗಾಲಲ್ಲಿ ಮೊದಲ ಟಚ್‌ಗೇ ತಿರುಗಿಸಿ ಹೊಡೆದ, ಲೆಹ್ಮನ್ ಕೈಗೆ ಸಿಗ್ಲಿಲ್ಲ. ಗ್ರೊಸ್ಸೊ ತಲೆ ಅಲ್ಲಾಡಿಸ್ತಾ ಓಡೋದನ್ನ ಮುಂಚೆನೂ ನೋಡಿದ್ದೆ, ಆ ಪಾಸನ್ನ ನೋಡಿರ್ಲಿಲ್ಲ.

ಫೈನಲ್‌ನಲ್ಲೂ ಮಾತೆರಾಜ್ಜಿ ಹೆಡರ್‌ಗೆ ಕಾರ್ನರ್ ಹಾಕಿದ್ದು ಇವನೇ, ಶೂಟೌಟ್‌ನಲ್ಲಿ ಮೊದಲನೇ ಪೆನಾಲ್ಟಿ ಹೊಡೆದಿದ್ದೂ ಇವನೇ ಅಂತ ಇವತ್ತು ಗೊತ್ತಾಯ್ತು. ಆ ವರ್ಲ್ಡ್ ಕಪ್‌ನಲ್ಲಿ 13 ಗೋಲಿನ ಲೆಕ್ಕಕ್ಕೆ ಬಂದಿದ್ದು ಘಾನಾ ಮೇಲೆ ಹೊಡೆದ ಒಂದೇ ಗೋಲು. ನಾನು ಬರೀ ಆ ಲೆಕ್ಕ ಇಟ್ಕೊಂಡು ಪ್ರಶ್ನೆ ಕೇಳಿದ್ದೆ.

ಕೋಚ್ ಹತ್ರ ಇವತ್ತು ಬೆಳಗ್ಗೆ ಮಾತಾಡ್ದೆ. ಪಕ್ಕದಲ್ಲಿ ಯಾರು ಇರ್ತಾರೆ ಅಂತ ಕೇಳ್ದೆ, ಕಾವಲು_ಬೆನ್ನು ಅಣ್ಣ ಹೇಳಿದ್ರಲ್ಲ ಅದಕ್ಕೆ. ನಮ್ಮ ಟೀಮಲ್ಲಿ ಸುಸ್ತು ಅನ್ನೋದೇ ಗೊತ್ತಿಲ್ಲದ ಹುಡುಗ ಒಬ್ಬ ಇದ್ದಾನೆ, ಅವನನ್ನ ಬಲಕ್ಕೆ ಹಾಕ್ತೀನಿ ಅಂದ್ರು. ಭಾನುವಾರ ಪ್ರಾಕ್ಟೀಸ್ ಮ್ಯಾಚು. ಬೆರಳು ತೋರಿಸೋಕೆ ತಮ್ಮನ್ನ ಒಪ್ಪಿಸಿದ್ದೀನಿ, ಸಂಜೆಯಿಂದ ಶುರು.

ಬೆಳಗಿನ_ಪ್ರಾಕ್ಟೀಸ್

ಬೆರಳು ತೋರಿಸೋನಿಗೆ ಒಂದೇ ಜಾಗದಲ್ಲಿ ನಿಲ್ಲಬೇಡ ಅಂತ ಹೇಳಿ. ಎಡಕ್ಕೆ ಬಲಕ್ಕೆ ಬದಲಾಯಿಸ್ತಾ ಇರ್ಲಿ. ಭಾನುವಾರ ಆದ್ಮೇಲೆ ಇಲ್ಲಿ ಬಂದು ಬರೀರಿ, ಕಾಯ್ತಿರ್ತೀವಿ.